ಒಂದೇ ಮನೆ, ಮೂರು ಪಕ್ಷ: ಸಾಗರದ ಮತದಾರನ ನಿಲುವು ಹುಟ್ಟೋದು ಎಲ್ಲಿ?

ಸಾಗರ: ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಚುನಾವಣೆ ಬರುತ್ತಂತೆ ಅನ್ನೋ ಮಾತು ಮತ್ತೆ ಶುರುವಾಗಿದೆ. ಈ ಮಾತು ಅಡಿಕೆ ಕೊಯ್ಲಿನ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುತ್ತೆ, ಚುನಾವಣೆ ಮಾತ್ರ ಬರಲ್ಲ. ಆದರೂ ಮಾತು ಕಿವಿಗೆ ಬಿದ್ದ ಕೂಡಲೇ ಹೋಟೆಲ್ ಟೇಬಲ್ ಮೇಲೆ ಲೆಕ್ಕ ಹಾಕೋದು ಶುರು. ಆ ಕ್ಷೇತ್ರದಲ್ಲಿ ದೀವರು ಇಷ್ಟು, ಲಿಂಗಾಯತರು ಇಷ್ಟು, ಬ್ರಾಹ್ಮಣರು ಇಷ್ಟು, ಮುಸ್ಲಿಮರು ಇಷ್ಟು, ಎಸ್‌ಸಿ ಮತ ಇಷ್ಟು, ಕೂಡಿ ಕಳೆದರೆ ಗೆಲುವು ಇಂಥವರದ್ದು. ಲೆಕ್ಕ ಹಾಕೋರು ತಪ್ಪು ಅಂತ ಹೇಳಲ್ಲ, ಜಾತಿ ಇಲ್ಲಿ ಕೆಲಸ ಮಾಡುತ್ತೆ. ಆದರೆ ಜಾತಿಯೊಂದೇ ಕೆಲಸ ಮಾಡೋದಾಗಿದ್ದರೆ ಒಂದೇ ಮನೆಯ, ಒಂದೇ ಜಾತಿಯ ಮೂರು ತಲೆಮಾರು ಒಂದೇ ಗುರುತಿಗೆ ಒತ್ತಬೇಕಿತ್ತಲ್ಲ? ಹಾಗೆ ಆಗ್ತಿಲ್ಲ. ಯಾಕೆ ಅನ್ನೋದೇ ಈ ವರದಿಯ ವಿಷಯ.

ಒಂದು ಮನೆ ಊಹಿಸಿಕೊಳ್ಳಿ. ಹೆಸರು ಬೇಡ, ಇಂಥ ಮನೆ ನಮ್ಮ ತಾಲೂಕಲ್ಲಿ ಊರಿಗೆ ನಾಲ್ಕು ಸಿಗುತ್ತೆ. ಜಗಲಿಯಲ್ಲಿ ಕೂತ ಅಜ್ಜ ಇವತ್ತಿಗೂ ಲೋಹಿಯಾ, ಗೋಪಾಲಗೌಡ ಅಂತಾರೆ. ಎಪ್ಪತ್ತು ದಾಟಿದ ದೊಡ್ಡ ಮಗನಿಗೆ ದೇವರಾಜ ಅರಸು ಅಂದರೆ ದೇವರು. ಐವತ್ತರ ಆಸುಪಾಸಿನ ಕೊನೆ ಮಗ ಬಿಜೆಪಿ. ಮೊಮ್ಮಗನಿಗೆ ಯಾರೂ ಬೇಡ, ಎಲ್ಲರನ್ನೂ ಬೈಯುವ ರೀಲ್ಸ್ ಬೇಕು. ಹೊರಗಿನವರು ನೋಡಿದರೆ "ಈ ಮನೆಗೆ ತತ್ವ ಸಿದ್ಧಾಂತ ಇಲ್ಲ ಮಾರಾಯ" ಅಂದಾರು. ನನಗೆ ಹಾಗನಿಸಲ್ಲ. ಒಬ್ಬೊಬ್ಬರಿಗೂ ಇಪ್ಪತ್ತು ವರ್ಷ ಆಗಿದ್ದಾಗ ಊರಲ್ಲಿ ಏನು ನಡೀತಿತ್ತು ಅಂತ ನೋಡಿದರೆ ಲೆಕ್ಕ ಸರಿಯಾಗೇ ಸಿಗುತ್ತೆ.

ಅಜ್ಜನಿಂದಲೇ ಶುರು ಮಾಡೋಣ. ಇವತ್ತು ತೊಂಬತ್ತರ ಹತ್ತಿರ ಇರೋರಿಗೆ 1951ರಲ್ಲಿ ಹದಿನೈದು ಹದಿನಾರು. ಆ ವರ್ಷ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ಶುರುವಾಯ್ತು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋದರಿಂದ ಎದ್ದ ಜಗಳ ಅದು. ಒಡೆಯರ ಕೊಳಗ ದೊಡ್ಡದು, ಗೇಣಿದಾರನ ಹೊಟ್ಟೆ ಸಣ್ಣದು. ಎಚ್. ಗಣಪತಿಯಪ್ಪ ಗೇಣಿ ರೈತರನ್ನು ಕಟ್ಟಿದರು, ಸೋಷಿಯಲಿಸ್ಟ್ ಪಕ್ಷ ಬೆನ್ನಿಗೆ ನಿಂತಿತು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಮರು ವರ್ಷ, ಅಂದರೆ 1952ರ ಮೊದಲ ಚುನಾವಣೆಯಲ್ಲಿ, ಇಡೀ ದೇಶದಲ್ಲಿ ಕಾಂಗ್ರೆಸ್ ಅಲೆ ಇದ್ದಾಗ ಸಾಗರ-ಹೊಸನಗರದ ಜನ ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿದರು. ಆಗ ಅವರಿಗೆ ಇನ್ನೂ ಮೂವತ್ತು ಆಗಿರಲಿಲ್ಲ.

ಹದಿನಾರು ವರ್ಷದ ಹುಡುಗ ಇದರಿಂದ ಏನು ಕಲಿತ? ಸಮಾಜವಾದದ ಪುಸ್ತಕ ಓದಿ ಏನೂ ಕಲಿಯಲಿಲ್ಲ, ಓದೋಕೆ ಬಂದರಲ್ಲವಾ. ಅಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದ ಕಡೆ ಅವತ್ತು ತಲೆ ಎತ್ತಿ ನಿಂತದ್ದನ್ನು ಕಣ್ಣಾರೆ ಕಂಡ. ಅಷ್ಟೇ. ಸೋಷಿಯಲಿಸ್ಟ್ ಪಕ್ಷ ಆಮೇಲೆ ಒಡೆದು, ಕೂಡಿ, ಮತ್ತೆ ಒಡೆದು ಹೆಸರೇ ಇಲ್ಲದ ಹಾಗಾಯ್ತು. ಅಜ್ಜನ ಒಳಗೆ ಮಾತ್ರ ಅದು ಒಡೆದಿಲ್ಲ.

ಎರಡನೇ ತಲೆಮಾರಿನ ಕತೆ ಇನ್ನೂ ಗಟ್ಟಿ. 1974ರ ಮಾರ್ಚ್ 1ರಿಂದ ಭೂ ಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಡಬೇಕು, ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕು. ಮಂಡಳಿ ಮುಂದೆ ವಕೀಲರು ವಾದ ಮಾಡುವ ಹಾಗಿರಲಿಲ್ಲ, ರೈತನೇ ನಿಂತು "ಉಳಿದ್ದು ನಾನು" ಅಂತ ಹೇಳಬೇಕಿತ್ತು. ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಈಗಲೂ ಮದುವೆ ಫೋಟೋ ಎಲ್ಲಿದೆ ಅಂದರೆ ಹುಡುಕಬೇಕು, ಆ ಆರ್ಡರ್ ಕಾಪಿ ಎಲ್ಲಿದೆ ಅಂದರೆ ಟ್ರಂಕಿನ ತಳದಿಂದ ತಕ್ಷಣ ತೆಗೀತಾರೆ.

ಈಗ ಇದನ್ನು ದೇಶದ ಇತಿಹಾಸದ ಪಕ್ಕ ಇಟ್ಟು ನೋಡಿ. ಅದೇ ಕಾಲಕ್ಕೆ, 1975ರ ಜೂನ್‌ನಲ್ಲಿ, ತುರ್ತು ಪರಿಸ್ಥಿತಿ ಬಂತು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು, ಇಂದಿರಾ ಗಾಂಧಿಯೇ ಸೋತರು. ಕರ್ನಾಟಕದಲ್ಲಿ? 28ರಲ್ಲಿ 26 ಸ್ಥಾನ ಕಾಂಗ್ರೆಸ್‌ಗೆ. ಮರು ವರ್ಷ ಇಂದಿರಾ ಪಕ್ಕದ ಚಿಕ್ಕಮಗಳೂರಿಗೇ ಬಂದು ಉಪಚುನಾವಣೆ ಗೆದ್ದು ಹೋದರು. "ಕರ್ನಾಟಕದವರಿಗೆ ಪ್ರಜಾಪ್ರಭುತ್ವದ ಬೆಲೆ ಗೊತ್ತಿರಲಿಲ್ಲ" ಅಂತ ಟೀಕೆ ಮಾಡೋದು ಸುಲಭ. ಆದರೆ ಅದೇ ಎರಡು ವರ್ಷದಲ್ಲಿ ಇಲ್ಲಿ ಭೂ ನ್ಯಾಯಮಂಡಳಿಗಳು ಕೂತು ಗೇಣಿ ಅರ್ಜಿ ತೀರ್ಮಾನ ಮಾಡ್ತಿದ್ದವು. ಇಪ್ಪತ್ತರ ಹುಡುಗನಿಗೆ ಸರ್ಕಾರ ಅಂದರೆ ತನ್ನ ಅಪ್ಪನ ಹೆಸರಿಗೆ ಪಹಣಿ ಮಾಡಿಕೊಟ್ಟ ಸರ್ಕಾರ.

ಅದೇ ಊರಿನಲ್ಲಿ, ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಇದ್ದ. ಅವನ ಮನೆಯ ಜಮೀನು ಹೋಯ್ತು. ಎಲ್ಲರೂ ನೂರಾರು ಎಕರೆ ಇದ್ದ ಒಡೆಯರೇನಲ್ಲ. ಎರಡು ಮೂರು ಎಕರೆ ಗೇಣಿಗೆ ಕೊಟ್ಟು ಅದರ ಭತ್ತದಲ್ಲೇ ಊಟ ಮಾಡ್ತಿದ್ದ ವಿಧವೆಯರು, ದೇವಸ್ಥಾನದ ಅರ್ಚಕರು, ಮೇಷ್ಟ್ರುಗಳೂ ಇದ್ದರು. ಈ ಮಾತನ್ನು ನಮ್ಮ ಕಡೆ ವೇದಿಕೆ ಮೇಲೆ ಯಾರೂ ಹೇಳಲ್ಲ, ಊಟದ ಪಂಕ್ತಿಯಲ್ಲಿ ಹೇಳ್ತಾರೆ. ಆ ಹುಡುಗನಿಗೆ ಸರ್ಕಾರ ಅಂದರೆ ತನ್ನ ಅಮ್ಮನ ಅನ್ನ ಕಿತ್ತುಕೊಂಡ ಸರ್ಕಾರ. ಮೂರನೆಯವ ಕಾಲೇಜಲ್ಲಿದ್ದ, ತುರ್ತು ಪರಿಸ್ಥಿತಿ ವಿರುದ್ಧ ಕರಪತ್ರ ಹಂಚಿ ಜೈಲು ಸೇರಿದ. ಅವನಿಗೆ ಸರ್ಕಾರ ಅಂದರೆ ಲಾಠಿ. ಮೂರು ಜನರಿಗೂ ಈಗ ಎಪ್ಪತ್ತು ದಾಟಿದೆ. ಮಾರಿಗುಡಿ ಎದುರು ಸಿಕ್ಕರೆ ಕುಶಲ ಕೇಳಿಕೊಳ್ತಾರೆ. 1975 ಅಂದರೆ ಮೂವರಿಗೂ ಮೂರು ಬೇರೆ ವರ್ಷ.

ಜಮೀನು ಕೊಟ್ಟವರಿಗೆ ಒಂದು ಮನೆಯವರು ಜೀವನಪೂರ್ತಿ ಮತ ಹಾಕಿದರೆ ಅದನ್ನು ಋಣ ಅಂತೀವಿ, ಇನ್ನೊಂದು ಮನೆಯವರು ಜೀವನಪೂರ್ತಿ ಹಾಕದೇ ಇದ್ದರೆ ಸಿಟ್ಟು ಅಂತೀವಿ. ನನ್ನ ಪ್ರಕಾರ ಎರಡೂ ಒಂದೇ ಜಾತಿಯ ಗಿಡ.

ಪಂಡಿತರು ಏನಂತಾರೆ

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಆದರೂ ಈ ವಿಷಯಕ್ಕಾಗಿ ಒಂದಿಷ್ಟು ಓದಿದೆ. ಕಾರ್ಲ್ ಮ್ಯಾನ್‌ಹೈಮ್ ಅನ್ನೋ ಸಮಾಜಶಾಸ್ತ್ರಜ್ಞ ಜರ್ಮನಿಯಲ್ಲಿ 1928ರಲ್ಲೇ ಹೇಳಿದ್ದು ಇದನ್ನೇ: ಯೌವನದಲ್ಲಿ ಕಂಡ ದೊಡ್ಡ ಘಟನೆ ಒಂದು ಇಡೀ ತಲೆಮಾರಿಗೆ ಕನ್ನಡಕ ಆಗುತ್ತೆ, ಆಮೇಲಿನದ್ದನ್ನೆಲ್ಲ ಅದರ ಮೂಲಕವೇ ನೋಡ್ತಾರೆ. ಅದೇ ತಲೆಮಾರಿನ ಒಳಗೂ ಬೇರೆ ಬೇರೆ ಗುಂಪು ಬೇರೆ ಬೇರೆ ರೀತಿ ನೋಡುತ್ತೆ ಅಂತಲೂ ಅವನೇ ಹೇಳಿದ್ದ. ನಮ್ಮ ಮೂರು ಹುಡುಗರ ಕತೆಗೆ ಇದು ಸರಿಯಾಗಿ ಕೂರುತ್ತೆ.

ಅಮೆರಿಕದಲ್ಲಿ ಬೆನಿಂಗ್ಟನ್ ಅಂತ ಒಂದು ಹೆಣ್ಣುಮಕ್ಕಳ ಕಾಲೇಜು. 1930ರ ದಶಕದಲ್ಲಿ ಶ್ರೀಮಂತ, ಸಂಪ್ರದಾಯಸ್ಥ ಮನೆಗಳಿಂದ ಬಂದ ಹುಡುಗಿಯರು ಅಲ್ಲಿನ ವಾತಾವರಣದಲ್ಲಿ ಅಪ್ಪ ಅಮ್ಮನ ಪಕ್ಷ ಬಿಟ್ಟು ಎದುರು ಪಕ್ಷದ ಕಡೆ ವಾಲಿದರು. ಇಪ್ಪತ್ತೈದು ವರ್ಷ ಬಿಟ್ಟು ಕೇಳಿದಾಗಲೂ, ಆಮೇಲೆ 1984ರಲ್ಲಿ ಅಜ್ಜಿಯರಾದ ಮೇಲೆ ಕೇಳಿದಾಗಲೂ ಬಹುತೇಕರು ಅಲ್ಲೇ ಇದ್ದರು. ಅದೇ ದೇಶದ ಮತದಾರರ ಮೇಲೆ ನಡೆದ ಇತ್ತೀಚಿನ ಇನ್ನೊಂದು ಲೆಕ್ಕದ ಪ್ರಕಾರ, ಹದಿನೆಂಟನೇ ವಯಸ್ಸಲ್ಲಿ ಕಂಡ ರಾಜಕೀಯ ಘಟನೆಯ ತೂಕ ನಲವತ್ತನೇ ವಯಸ್ಸಲ್ಲಿ ಕಂಡ ಘಟನೆಗಿಂತ ಸುಮಾರು ಮೂರು ಪಟ್ಟು. ಹದಿನಾಲ್ಕರಿಂದ ಇಪ್ಪತ್ತನಾಲ್ಕು, ಇದೇ ಮಣ್ಣು ಹದವಾಗಿರೋ ಕಾಲ. ಅಮೆರಿಕದ ಲೆಕ್ಕ ಸಾಗರಕ್ಕೆ ಹಾಗೇ ಅಂಟಲ್ಲ, ಅಲ್ಲಿ ಇರೋದೇ ಎರಡು ಪಕ್ಷ, ನಮ್ಮಲ್ಲಿ ಒಬ್ಬ ನಾಯಕನೇ ಐದಾರು ಪಕ್ಷ ಸುತ್ತಿರ್ತಾನೆ.

ಹೌದು, ಬಂಗಾರಪ್ಪನವರ ವಿಷಯಕ್ಕೇ ಬರ್ತಿದ್ದೆ. ಶಿವಮೊಗ್ಗ ಲೋಕಸಭೆಗೆ 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಗೆದ್ದರು. 1999ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2004ರಲ್ಲಿ ಬಿಜೆಪಿಯಿಂದ ಗೆದ್ದರು. ಮರು ವರ್ಷವೇ ರಾಜೀನಾಮೆ ಕೊಟ್ಟು ಸಮಾಜವಾದಿ ಪಕ್ಷದ ಸೈಕಲ್ ಹತ್ತಿ ಅದರಲ್ಲೂ ಗೆದ್ದರು. ಮಧ್ಯೆ 1998ರಲ್ಲಿ, ಕೊನೆಗೆ 2009ರಲ್ಲಿ ಸೋತಿದ್ದೂ ಉಂಟು. ನಾಲ್ಕು ಗುರುತಿಗೂ ಒತ್ತಿದವರಲ್ಲಿ ಬಹಳಷ್ಟು ಅವರೇ ಜನ. ಅವರಿಗೆ ನಿಲುವಿಲ್ಲ ಅನ್ನೋಕಾಗುತ್ತಾ? ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಕೊಟ್ಟ ಮುಖ್ಯಮಂತ್ರಿ, ನಮ್ಮವ, ಬೆಂಗಳೂರಲ್ಲಿ ತಲೆ ಎತ್ತಿ ಮಾತಾಡೋನು. ಇದು ನಿಲುವೇ. ಪಕ್ಷದ ಹೆಸರಲ್ಲಿ ಇರಲಿಲ್ಲ ಅಷ್ಟೇ. ಹಾಗಾಗಿ ಅವರು ಹೋದ ಮೇಲೆ ಆ ಮತ ಸೊರಬದಲ್ಲಿ ಇಬ್ಬರು ಮಕ್ಕಳ ಮಧ್ಯೆ ಹರಿದು ಹಂಚಿಹೋಯ್ತು. 2018ರಲ್ಲಿ ಬಿಜೆಪಿಯಿಂದ ಕುಮಾರ್, 2023ರಲ್ಲಿ ಕಾಂಗ್ರೆಸ್‌ನಿಂದ ಮಧು. ನಮ್ಮ ಸಾಗರದಲ್ಲೂ 2004, 2008ರಲ್ಲಿ ಬಿಜೆಪಿಯಿಂದ ಗೆದ್ದ ಬೇಳೂರು ಗೋಪಾಲಕೃಷ್ಣ 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ನಾಯಕರು ಬಸ್ ಬದಲಿಸಿದಷ್ಟು ಸಲೀಸಾಗಿ ಪಕ್ಷ ಬದಲಿಸೋ ಜಿಲ್ಲೆಯಲ್ಲಿ ಮತದಾರನಿಗೆ ಮಾತ್ರ "ನೀ ಯಾಕೆ ಬದಲಾದೆ" ಅಂತ ಕೇಳೋದು ಯಾವ ನ್ಯಾಯ?

ಇನ್ನೊಂದು ವಿಷಯ. ಮತದಾರನ ತಲೆಯಲ್ಲಿ ಒಂದೇ ಸಲಕ್ಕೆ ಎರಡು ನಿಲುವು ಇರಬಹುದು. 1984ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಅಲೆ, ರಾಜ್ಯದಲ್ಲಿ ಕಾಂಗ್ರೆಸ್‌ಗೆ 28ರಲ್ಲಿ 24. ಮೂರು ತಿಂಗಳಿಗೆ, 1985ರ ಮಾರ್ಚ್‌ನಲ್ಲಿ, ಅದೇ ಜನ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ 135, ಮರು ವರ್ಷ ಲೋಕಸಭೆಗೆ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಮನೆ ಖರ್ಚಿಗೆ ಒಬ್ಬ, ದೇಶದ ಮರ್ಯಾದೆಗೆ ಒಬ್ಬ ಅಂತ ಜನ ವಿಂಗಡಿಸಿಟ್ಟಿದ್ದಾರೆ. ಟಿವಿಯವರು ಇದಕ್ಕೆ ಮತದಾರನ ಗೊಂದಲ ಅಂತಾರೆ. ಗೊಂದಲ ಆಗಿರೋದು ಟಿವಿಯವರಿಗೆ.

ಅಂಗಡಿಯವರ ಕನ್ನಡಕ

ಓದುಗರಲ್ಲಿ ಅರ್ಧ ಜನ ಅಂಗಡಿ ಇಟ್ಟವರು, ಹಾಗಾಗಿ ಇದನ್ನು ಬಿಡೋ ಹಾಗಿಲ್ಲ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾಲು, ತರಕಾರಿ ಮಾರೋರಿಗೂ ಬಂತು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಸಭೆ ಮಾಡಿ ಸಮಾಧಾನ ಹೇಳಬೇಕಾಯ್ತು.

ಈಗ ಗಮನಿಸಿ. ಜಿಎಸ್‌ಟಿ ಕಾಯ್ದೆ ಕೇಂದ್ರ, ರಾಜ್ಯ ಸೇರಿ ಮಾಡಿದ್ದು, 2017ರ ಜುಲೈ 1ಕ್ಕೆ ಜಾರಿಯಾದದ್ದು. ನೋಟಿಸ್ ಕಳಿಸಿದ್ದು ರಾಜ್ಯದ ಇಲಾಖೆ. ಅಂದರೆ ಬೈಯೋದಕ್ಕೆ ಇಬ್ಬರೂ ಸಿಗ್ತಾರೆ. ಮಾರ್ಕೆಟ್ ರೋಡಲ್ಲಿ ಕಾಂಗ್ರೆಸ್ ಒಲವಿನ ಅಂಗಡಿಯವರು "ಜಿಎಸ್‌ಟಿ ತಂದೋರು ಯಾರು?" ಅಂದರು. ಪಕ್ಕದ ಬಿಜೆಪಿ ಒಲವಿನವರು "ನೋಟಿಸ್ ಯಾರ ಸೀಲಲ್ಲಿ ಬಂದಿದೆ ನೋಡಿ" ಅಂದರು. ಒಂದೇ ಕಾಗದ ಓದಿ ಇಬ್ಬರೂ ಮೊದಲೇ ನಂಬಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ನಂಬಿದರು. ನೋಟಿಸ್‌ನಿಂದ ಯಾರ ಪಕ್ಷವೂ ಬದಲಾದದ್ದು ನಾನು ಕಾಣಲಿಲ್ಲ. ವಯಸ್ಸು ನಲವತ್ತು ದಾಟಿದ ಮೇಲೆ ಹೊಸ ಸುದ್ದಿ ಹಳೇ ನಂಬಿಕೆಗೆ ಸಗಣಿ ಗೊಬ್ಬರ ಆಗುತ್ತೆ ವಿನಾ ಹೊಸ ಗಿಡ ಆಗೋದು ಅಪರೂಪ.

ಅಪರೂಪ ಅಂದೆ, ಆಗಲ್ಲ ಅಂದಿಲ್ಲ. "ವಯಸ್ಸಾದ ಮೇಲೆ ಎಲ್ಲರೂ ಸಂಪ್ರದಾಯಸ್ಥರಾಗ್ತಾರೆ" ಅನ್ನೋ ಮಾತಿದೆ. ನಮ್ಮಲ್ಲಿ ಜನರನ್ನು ಬದಲಿಸಿದ್ದು ವಯಸ್ಸಲ್ಲ, ಆಸ್ತಿ. ಫಾರಂ 7 ಕೊಟ್ಟು ಗದ್ದೆ ಪಡೆದವನ ಮಗ ಆ ಗದ್ದೆಗೆ ಅಡಿಕೆ ಹಾಕಿದ. ಈಗ ಅವನ ತಲೆಬಿಸಿ ಎಲೆಚುಕ್ಕಿ ರೋಗ, ವಿದೇಶಿ ಅಡಿಕೆ ಆಮದು, ಕೊನೆ ತೆಗೆಯೋಕೆ ಆಳು ಸಿಗದೇ ಇರೋದು. ಅವನ ಅಜ್ಜ ಕೂಲಿ ಹೆಚ್ಚು ಕೇಳೋ ಕಡೆ ಇದ್ದ, ಇವನು ಕೂಲಿ ಕೊಡೋ ಕಡೆ ಇದ್ದಾನೆ. ಹೀಗಿರುವಾಗ ಅಜ್ಜನ ಪಕ್ಷದಲ್ಲೇ ಇರು ಅಂದರೆ ಹೇಗೆ? ಅದರ ಮೇಲೆ ಇವನಿಗೆ ಇಪ್ಪತ್ತಾಗೋ ಹೊತ್ತಿಗೆ ಅಯೋಧ್ಯೆ ಚಳವಳಿ, ಇಟ್ಟಿಗೆ ಪೂಜೆ, ಭಜನೆ. ಮೂವತ್ತೈದು ಆಗೋ ಹೊತ್ತಿಗೆ ಪಕ್ಕದ ಶಿಕಾರಿಪುರದ ಯಡಿಯೂರಪ್ಪ ಮುಖ್ಯಮಂತ್ರಿ. ದಾರಿ ಹಾಗೇ ಹೋಯ್ತು.

ಹೆಣ್ಣುಮಕ್ಕಳ ಬಗ್ಗೆ ಬರೆಯದೇ ಇದ್ದರೆ ಅರ್ಧ ಪಟ್ಟಿ ಹರಿದು ಹಾಕಿದ ಹಾಗೆ. "ನಮ್ಮ ಮನೆ ಮತ ಅಷ್ಟೂ ಇಂಥವರಿಗೆ" ಅಂತ ಯಜಮಾನರು ಹೇಳೋ ಕಾಲ ಇತ್ತು, ಈಗಲೂ ಹೇಳ್ತಾರೆ. ಸೊಸೆ ಬೇರೆ ತಾಲೂಕಿನಿಂದ ಬರ್ತಾಳೆ. ಬಳೆ ಬಟ್ಟೆ ಜೊತೆ ತವರಿನ ರಾಜಕೀಯವನ್ನೂ ತಂದಿರ್ತಾಳೆ. ಗಂಡನ ಮನೇಲಿ ಇಪ್ಪತ್ತು ವರ್ಷ ಬಾಯಿ ಬಿಡಲ್ಲ, ಮತಗಟ್ಟೆ ಒಳಗೆ ಬಿಡ್ತಾಳೆ. 2023ರ ನಂತರ ಇದಕ್ಕೆ ಹೊಸ ಬಲ ಬಂದಿದೆ. ಗೃಹಲಕ್ಷ್ಮಿಯ 2000 ರೂಪಾಯಿ ಅವಳದ್ದೇ ಖಾತೆಗೆ, ಬಸ್ ಟಿಕೆಟ್‌ಗೆ ಯಾರ ಹತ್ತಿರವೂ ಚಿಲ್ಲರೆ ಕೇಳಬೇಕಿಲ್ಲ. ಕಂತು ತಡವಾದಾಗ ಬೈಯೋದೂ ಅವಳೇ. ಸಂತೆಯಲ್ಲಿ ಒಬ್ಬ ಅಮ್ಮ ಹೇಳಿದ್ದು: "ಅವ್ರು ಹೇಳ್ದಲ್ಲಿಗೆ ಹಾಕ್ತಿದ್ದೆ ತಮಾ, ಈಗ ದುಡ್ಡು ನಂಗೆ ಬತ್ತದೆ, ಯೋಚನೆನೂ ನಂದೇ." ಅವರು ಯಾರಿಗೆ ಹಾಕ್ತಾರೆ ಅಂತ ಕೇಳಿದೆ. ನಕ್ಕು ಕೊತ್ತಂಬರಿ ಕಟ್ಟು ಕೊಟ್ಟರು. ಐವತ್ತೈದು ದಾಟಿದ ಮೇಲೂ ನಿಲುವು ಹೊಸದಾಗಿ ಹುಟ್ಟಬಹುದು ಅನ್ನೋದಕ್ಕೆ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇವರೇ.

ಮುಳುಗಡೆ ಊರುಗಳದ್ದೇ ಬೇರೆ ಲೆಕ್ಕ. 1964ರಲ್ಲಿ ಲಿಂಗನಮಕ್ಕಿ ತುಂಬಿತು. ಮನೆ ಮಠ ಬಿಟ್ಟು ಲಾರಿ ಹತ್ತಿದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರದ ಕಡತ ಹಿಡಿದು ಕಂದಾಯ ಇಲಾಖೆ, ಅರಣ್ಯ ಇಲಾಖೆ ಮಧ್ಯೆ ಓಡಾಡ್ತಿದ್ದಾರೆ. ಎಲ್ಲ ಪಕ್ಷದವರೂ ಬಂದು ಭರವಸೆ ಕೊಟ್ಟು ಹೋಗಿದ್ದಾರೆ. ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ರಾಜಕೀಯದ ಮೊದಲ ಪಾಠವೇ "ಯಾರು ಬಂದರೂ ಇಷ್ಟೇ". ಈ ನಂಬಿಕೆಗೆ ಪಕ್ಷ ಇಲ್ಲ, ಆದರೆ ಇದು ಎಲ್ಲ ಪಕ್ಷಕ್ಕಿಂತ ಹಳೇದು. ಆ ಕಡೆ ತುಮರಿ ಭಾಗದಲ್ಲಿ ಮಾತ್ರ 2025ರ ಜುಲೈ 14ಕ್ಕೆ ಸೇತುವೆ ಬಂತು. ಅರವತ್ತು ವರ್ಷ ಲಾಂಚ್ ಕಾದ ಜನ. ಉದ್ಘಾಟನೆಗೆ ಕೇಂದ್ರ ಸಚಿವ ಗಡ್ಕರಿ ಬಂದರು, ಆಹ್ವಾನದ ವಿಚಾರಕ್ಕೆ ತಕರಾರಾಗಿ ಮುಖ್ಯಮಂತ್ರಿ ಬರಲಿಲ್ಲ. ಸೇತುವೆ ನಮ್ಮದು ನಮ್ಮದು ಅಂತ ಎರಡೂ ಕಡೆ ಪೋಸ್ಟರ್. ಅವತ್ತು ಹದಿನಾರು ವರ್ಷ ಇದ್ದ ತುಮರಿಯ ಹುಡುಗ ಹುಡುಗಿಗೆ ಯಾವ ಪೋಸ್ಟರ್ ತಲೆಯಲ್ಲಿ ಉಳಿಯುತ್ತೋ ಅದು ಇನ್ನು ಐವತ್ತು ವರ್ಷ ಮತ ಹಾಕುತ್ತೆ. ಪಕ್ಷದವರಿಗೆ ಇದು ಗೊತ್ತು, ಅದಕ್ಕೇ ಅಷ್ಟು ಜಗಳ.

ಹೊಸಬರು ಎಲ್ಲಿ ಕಲೀತಾರೆ?

ಈಗ ನಿಜವಾದ ತಲೆಬಿಸಿ. ಹದಿನಾಲ್ಕರಿಂದ ಇಪ್ಪತ್ತನಾಲ್ಕು ಹದವಾದ ಕಾಲ ಅಂದಮೇಲೆ, ಇವತ್ತು ಆ ವಯಸ್ಸಲ್ಲಿ ಇರೋರಿಗೆ ಊರಲ್ಲಿ ಏನು ಸಿಗ್ತಿದೆ? ಗೋಪಾಲಗೌಡರ ಕಾಲದವರಿಗೆ ಕೊಳಗದ ಜಗಳ ಇತ್ತು. 1980ರಲ್ಲಿ ಇಪ್ಪತ್ತಾದವರಿಗೆ ರೈತ ಸಂಘ ಇತ್ತು, ಹಸಿರು ಶಾಲು ಹಾಕಿಕೊಂಡು ಸಾಲ ವಸೂಲಿ ಜೀಪನ್ನು ಊರ ಬಾಗಿಲಲ್ಲೇ ನಿಲ್ಲಿಸೋರು. ಕಾಲೇಜಲ್ಲಿ ಯೂನಿಯನ್ ಚುನಾವಣೆ ಇತ್ತು. ಅದು ನಿಂತು ಮೂರು ದಶಕ ದಾಟಿತು, ನನ್ನ ವಯಸ್ಸಿನವರಿಗೆ ಅದು ಹಳೇ ಸಿನಿಮಾದ ದೃಶ್ಯ.

ಉಳಿದಿದ್ದು ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ. ಅದಕ್ಕೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ಕ್ಕೆ ಮುಗೀತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ಕೋರ್ಟು ಅಂತ ಆಗಿನಿಂದ ಎಳೆದಾಡ್ತಾನೇ ಇದೆ. ಬಿಜೆಪಿ ಸರ್ಕಾರ ಇದ್ದಾಗಲೂ ಆಗಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಆಗಲಿಲ್ಲ. ಶಾಸಕರಿಗೆ ಊರಲ್ಲಿ ಇನ್ನೊಬ್ಬ ಲೀಡರ್ ಬೆಳೆಯೋದು ಬೇಕಿಲ್ಲ ಅನ್ನೋದು ನನ್ನ ಗುಮಾನಿ. ಯಾವ ಪಕ್ಷದ ಶಾಸಕರಾದರೂ ಸರಿ.

ಲೆಕ್ಕ ಹಾಕಿ. 2016ರ ಆ ಚುನಾವಣೆ ಮುಗಿದ ಮೇಲೆ ಹದಿನೆಂಟು ತುಂಬಿದವರಲ್ಲಿ ಹಿರಿಯರಿಗೆ ಈಗ ಇಪ್ಪತ್ತೇಳು ದಾಟಿದೆ. ಮದುವೆಯಾಗಿ ಮಗು ಶಾಲೆಗೆ ಹೊರಟಿರುತ್ತೆ, ತಾಲೂಕು ಪಂಚಾಯ್ತಿಗೆ ಒಂದೇ ಒಂದು ಸಲ ಮತ ಹಾಕಿಲ್ಲ. ನಾನೂ ಅದೇ ಗುಂಪಿನವನು. ಎಂಪಿಗೆ ಹಾಕಿದೀವಿ, ಎಂಎಲ್‌ಎಗೆ ಹಾಕಿದೀವಿ, ಗ್ರಾಮ ಪಂಚಾಯ್ತಿಗೆ 2020ರ ಡಿಸೆಂಬರ್‌ನಲ್ಲಿ ಮಾಸ್ಕ್ ಹಾಕಿಕೊಂಡು ಹಾಕಿದೀವಿ, ಅದರಲ್ಲಿ ಪಕ್ಷದ ಗುರುತೇ ಇರಲ್ಲ. ಮಧ್ಯದ ಮೆಟ್ಟಿಲು ಇಲ್ಲ. ದೆಹಲಿ ಬಗ್ಗೆ ಗಂಟೆಗಟ್ಟಲೆ ಕಾಮೆಂಟ್ ಹಾಕೋ ಹುಡುಗನಿಗೆ ತನ್ನ ಊರಿನ ಕಾಲುಸಂಕ ಯಾರ ಅನುದಾನದಲ್ಲಿ ಬರಬೇಕು ಅಂತ ಗೊತ್ತಿಲ್ಲ ಅಂದರೆ ಅದು ಅವನೊಬ್ಬನ ತಪ್ಪಾ? ಅವನ ರಾಜಕೀಯ ಪೂರ್ತಿ ಮೊಬೈಲಿಂದ ಬಂದಿದೆ, ಅಲ್ಲಿ ಕಾಲುಸಂಕದ ಸುದ್ದಿ ಬರಲ್ಲ.

ಪೂರ್ತಿ ಬರಡು ಅಂತಲೂ ಅಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ, 2000 ಮೆಗಾವ್ಯಾಟ್‌ನದ್ದು, 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ಆಯ್ತಲ್ಲ, ಅಲ್ಲಿ ವಿರೋಧ ಜೋರಾಗಿತ್ತು. ಇಂಥ ಕಡೆ ಮೈಕಿನ ಮುಂದೆ ಹೋಗಿ ಅಧಿಕಾರಿಗಳ ಮುಖಕ್ಕೆ ಪ್ರಶ್ನೆ ಕೇಳಿದವರು ಅದನ್ನು ಬೇಗ ಮರೆಯಲ್ಲ. ಯೋಜನೆ ಬೇಕು ಅನ್ನೋರೂ ಇದ್ದಾರೆ, ಕೆಲಸ ಸಿಗುತ್ತೆ ಅನ್ನೋ ಲೆಕ್ಕದಲ್ಲಿ. ಯಾವ ಕಡೆ ನಿಂತರೂ ಸರಿ, ಕಾಡು, ಕರೆಂಟು, ನೌಕರಿ ಅಂತ ಎದುರಿಗೆ ನಿಂತು ವಾದ ಮಾಡಿದವನ ನಿಲುವಿಗೂ ಸ್ಕ್ರೋಲ್ ಮಾಡಿ ಬಂದ ನಿಲುವಿಗೂ ವ್ಯತ್ಯಾಸ ಇರುತ್ತೆ.

ತಾಲೂಕು ಪಂಚಾಯ್ತಿ ಕಚೇರಿಯಲ್ಲಿ ಐದು ವರ್ಷದಿಂದ ಅಧ್ಯಕ್ಷರಿಲ್ಲ, ಆಡಳಿತಾಧಿಕಾರಿ ಸಹಿ ಮಾಡ್ತಾರೆ. ಮೊನ್ನೆ ಹಿನ್ನೀರಿನ ಕಡೆಯ ಒಬ್ಬ ಹುಡುಗ ರಸ್ತೆ ಅರ್ಜಿ ಹಿಡಿದು ಬಂದಿದ್ದ. "ನಮ್ ಕ್ಷೇತ್ರದ ಮೆಂಬರ್ ಯಾರು ಸರ್?" ಅಂತ ಕೇಳಿದ. ಟೇಬಲ್ ಹಿಂದೆ ಇದ್ದವರು ಸದ್ಯಕ್ಕೆ ಯಾರೂ ಇಲ್ಲ ಅಂದರು. ಹುಡುಗ ಅರ್ಜಿ ಮಡಚಿ ಜೇಬಿಗೆ ಇಟ್ಟುಕೊಂಡ, ಶಾಸಕರ ಕಚೇರಿ ಎಷ್ಟು ಗಂಟೆವರೆಗೆ ತೆರೆದಿರುತ್ತೆ ಅಂತ ವಿಚಾರಿಸಿ ಬೈಕ್ ಹತ್ತಿದ.